ಹೆಸರಿಲ್ಲದ ದಿಮ್ಮಿ

ಶಿವಮೊಗ್ಗೆಯಿಂದ ಸಾಗರದ ಹಾದಿ ಹಿಡಿದು ಆಯನೂರನ್ನು ದಾಟಿದ ಮೇಲೆ, ಸುಮಾರು 25 ಕಿಲೋಮೀಟರು ದೂರದಲ್ಲಿ ಸಿಕ್ಕುವ ಕುಂಸಿಯು, ಬಯಲುಸೀಮೆಯ ಒಣಕಾಡು ಮುಗಿದು ಮಲೆನಾಡಿನ ತೇವದ ಕಾಡು ಮೊದಲಾಗುವ ಸಂಧಿಸ್ಥಾನದಲ್ಲಿ ನೆಲಸಿರುವ ಊರು. ಹಿಂದೊಮ್ಮೆ ಉಪತಾಲ್ಲೂಕಿನ ಕೇಂದ್ರವಾಗಿದ್ದು, ಸುತ್ತಲಿನ ಗುಡ್ಡಗಳ ಮ್ಯಾಂಗನೀಸ್ ಅದಿರಿನಿಂದ ಹೆಸರು ಪಡೆದಿದ್ದ ಈ ಊರಿಗೆ, ಅದಿರಿಗಿಂತಲೂ ಹಿರಿದಾದ ಸಂಪತ್ತೆಂದರೆ ಅದರ ವೃಕ್ಷವೈವಿಧ್ಯವೆಂದೇ ನನ್ನ ಭಾವನೆ. ಮೂಡಲಿಗೆ ನಡೆದರೆ ದಿಂಡಿಗ, ಕಕ್ಕೆ, ಬೇವು, ಜಾಲಿ. ಪಡುವಲಿಗೆ ಮುಖ ಮಾಡಿದರೆ ಮತ್ತಿ, ಹೊನ್ನೆ, ನಂದಿ, ಹುಣಾಲು, ಜಂಬೆ, ಬೀಟೆ, ತೇಗ. ಮನೆಯ ಹಿತ್ತಿಲಲ್ಲಿ ಮತ್ತು ತೋಟದ ಅಂಚಿನಲ್ಲಿ ಹಲಸು, ಮಾವು, ಹುಣಸೆ, ನೇರಳೆ, ಶಿವನೆ. ಇವೆಲ್ಲದರ ನಡುವೆ ಹೊರನಾಡುಗಳಿಂದ ಬಂದು ಬೇರೂರಿದ ಅಕೇಶಿಯ, ನೀಲಗಿರಿ, ಸಿಲ್ವರ್ ಓಕ್, ಮಳೆಮರ. ಇಂಥ ನೆಲದಲ್ಲಿ ಲೇತಿನ ಮೇಲೆ ಮರ ಕಡೆಯುವ ಕಸುಬನ್ನಾಗಲಿ ಹವ್ಯಾಸವನ್ನಾಗಲಿ ಹಿಡಿದವನಿಗೆ ಮರದ ಅಭಾವ ಎಂದೂ ತಲೆದೋರದು. ಸೌದೆ ಡಿಪೋವಿನ ರಾಶಿಯಲ್ಲಿ, ಸಾಮಿಲ್ಲಿನ ಹೊರಗೆ ಬಿದ್ದ ತುಂಡುಗಳಲ್ಲಿ, ಕೆಡವಿದ ಹಳೆಯ ಮನೆಯ ತೊಲೆ ಜಂತೆಗಳಲ್ಲಿ ಅವನಿಗೆ ಬೇಕಾದಷ್ಟು ಸಾಮಗ್ರಿ ಉಂಟು. ಆದರೆ ಕೈಗೆತ್ತಿಕೊಂಡ ತುಂಡು ಯಾವ ಜಾತಿಯದೆಂಬ ಪ್ರಶ್ನೆಗೆ ಮಾತ್ರ ಉತ್ತರ ಅಷ್ಟು ಸುಲಭವಾಗಿ ಒದಗುವುದಿಲ್ಲ.

ಮರವು ನಿಂತಿರುವಷ್ಟು ಕಾಲ ಅದರ ಹೆಸರು ಎಲ್ಲರಿಗೂ ತಿಳಿದದ್ದೇ ಸರಿ. ದನ ಮೇಯಿಸುವ ಹುಡುಗನಿಂದ ಹಿಡಿದು ಸೊಪ್ಪು ತರುವ ಮುದುಕಿಯವರೆಗೆ ಯಾರನ್ನು ಕೇಳಿದರೂ ಎಲೆ, ಹೂ, ಕಾಯಿ, ತೊಗಟೆಗಳನ್ನು ನೋಡಿ ತಡವರಿಸದೆ ಹೇಳಿಯಾರು. ಆ ಮರವೇ ಉರುಳಿ, ರೆಂಬೆ ಕಳೆದುಕೊಂಡು, ತೊಗಟೆ ಸುಲಿಸಿಕೊಂಡು, ದಿಮ್ಮಿಯಾಗಿ, ದಿಮ್ಮಿ ಹಲಗೆಯಾಗಿ, ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ದಾಟತೊಡಗಿದಾಗ, ಬೆಲೆಯುಳ್ಳ ತೇಗ, ಬೀಟೆ, ಹೊನ್ನೆ, ಮತ್ತಿ, ಹಲಸುಗಳು ತಮ್ಮ ಹೆಸರನ್ನು ಉಳಿಸಿಕೊಳ್ಳುತ್ತವೆ. ಮಿಕ್ಕವೆಲ್ಲ ‘ಕಾಡುಜಾತಿ’ ಎಂಬ ಒಂದೇ ಮಾತಿನೊಳಗೆ ಅಡಗಿಹೋಗುತ್ತವೆ. ಈ ಸೀಮೆಯ ಮರಗಳಿಗೆ ಇಂಥ ಅನಾಮಧೇಯತೆ ಹೊಸದಲ್ಲ. ಕಲ್ಲಿದ್ದಲಿಲ್ಲದ ಮೈಸೂರು ಸಂಸ್ಥಾನದಲ್ಲಿ ಇದ್ದಿಲಿನಿಂದಲೇ ಕಬ್ಬಿಣ ಕರಗಿಸುವ ಸಾಹಸಕ್ಕೆಂದು 1918ರಲ್ಲಿ ಭದ್ರಾವತಿಯಲ್ಲಿ ಮೊದಲಾಗಿ, 1923ರಲ್ಲಿ ಉತ್ಪಾದನೆಗೆ ತೊಡಗಿದ ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್, ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾದ ಆ ಮಹಾ ಕಾರ್ಖಾನೆ, ಸುತ್ತಣ ಕಾಡುಗಳ ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಇದ್ದಿಲಿನ ಜೊತೆಗೆ ಮರದ ಮದ್ಯಸಾರವನ್ನೂ ಸುಣ್ಣದ ಅಸಿಟೇಟನ್ನೂ ಡಾಂಬರನ್ನೂ ಪಡೆಯುತ್ತಿತ್ತು. ಕುಲುಮೆಗೆ ಮರದ ಹೆಸರು ಬೇಕಿರಲಿಲ್ಲ. ಒಳ್ಳೆಯ ಇದ್ದಿಲಾಗುವಷ್ಟು ಗಟ್ಟಿತನವಿದ್ದರೆ ಅದಕ್ಕೆ ಸಾಕಾಗಿತ್ತು. ಆಮೇಲೆ ಬಂದ ಕಾಗದದ ಕಾರ್ಖಾನೆಗೂ ಬೇಕಾದದ್ದು ನಾರು.

ಲೇತಿನ ಮುಂದೆ ನಿಂತವನ ಸಂಗತಿ ಹಾಗಲ್ಲ. ನಿಮಿಷಕ್ಕೆ ಸಾವಿರ ಸುತ್ತಿನ ವೇಗದಲ್ಲಿ ತಿರುಗುವ ತುಂಡಿನಿಂದೆದ್ದ ಹುಡಿ ಅವನ ಮುಖಕ್ಕೂ ಮೂಗಿಗೂ ನೇರವಾಗಿ ಬಂದು ಬಡಿಯುತ್ತದೆ. ಕಡೆದು ಮುಗಿಸಿದ ಬಟ್ಟಲಿನಲ್ಲಿ ಮಕ್ಕಳು ತಿನ್ನುತ್ತಾರೆ. ಹಸಿಯಾಗಿ ಕಡೆದರೆ ಯಾವುದು ಬಿರಿಯುತ್ತದೆ, ಯಾವುದು ಸೊಟ್ಟಗಾಗುತ್ತದೆ, ಯಾವುದು ಉಳಿಯ ಅಲಗನ್ನು ಮೊಂಡು ಮಾಡುತ್ತದೆ ಎಂಬುದೆಲ್ಲ ಜಾತಿಯಿಂದ ಜಾತಿಗೆ ಬೇರೆ. ತೇಗದ ನಯವನ್ನು ನಂಬಿ ಕೈಹಾಕಿದವನು, ಅದರೊಡಲಿನ ಮರಳಿನಂಶದಿಂದಾಗಿ ಉಳಿಯನ್ನು ಮತ್ತೆ ಮತ್ತೆ ಸಾಣೆ ಹಿಡಿಯಬೇಕಾಗುತ್ತದೆ. ಮಾವನ್ನು ಮಳೆಗಾಲದಲ್ಲಿ ಹೊರಗೆ ಬಿಟ್ಟವನಿಗೆ ಕೆಲವೇ ವಾರಗಳಲ್ಲಿ ಬೂಷ್ಟು ಹಿಡಿದು ನೀಲಿಗಟ್ಟಿದ ಹಲಗೆ ಸಿಕ್ಕುತ್ತದೆ. ಇವು ನಷ್ಟದ ಮಾತುಗಳಾದವು. ಅಪಾಯದ ಮಾತು ಬೇರೆಯೇ ಇದೆ.

ಮಲೆನಾಡಿನ ತೇವದ ಕಾಡಿನಲ್ಲಿ ಬೆಳೆಯುವ ಹೊಲಗೇರು, ಮಾವು ಗೇರುಗಳ ಕುಲಕ್ಕೇ ಸೇರಿದ ಮರ. ಮಾವಿನ ಸೊನೆ ತಾಗಿ ತುಟಿ ಹುಣ್ಣಾದ ಮಕ್ಕಳನ್ನು ಕಂಡವರಿಗೆ ಈ ಕುಲದ ಸ್ವಭಾವದ ಅಲ್ಪ ಪರಿಚಯ ಇದ್ದೇ ಇರುತ್ತದೆ. ಹೊಲಗೇರಿನ ಸೊನೆಯಾದರೋ ಮೈಗೆ ತಾಗಿದಲ್ಲೆಲ್ಲ ಬೊಬ್ಬೆಯೆಬ್ಬಿಸಿ ದಿನಗಟ್ಟಲೆ ಉರಿಸುವಂಥದು, ಆದುದರಿಂದಲೇ ಕಾಡಿನ ಕೆಲಸದವರು ಅದಕ್ಕೆ ಕೊಡಲಿ ಹಾಕಲು ಹಿಂಜರಿಯುತ್ತಾರೆ. ಕಡಿದ ಬಾಯಿಯಲ್ಲಿ ಒಸರಿದ ರಸ ಗಾಳಿಗೆ ಒಡ್ಡಿಕೊಂಡು ಕರ್ರಗೆ ಅರಗಿನ ಹಾಗೆ ಹೆಪ್ಪುಗಟ್ಟುವುದು ಈ ಮರದ ಗುರುತು. ಹೆಸರು ಗೊತ್ತಿಲ್ಲದ ದಿಮ್ಮಿಯ ತುದಿಯಲ್ಲಾಗಲಿ ತೊಗಟೆಯ ಬಿರುಕಿನಲ್ಲಾಗಲಿ ಇಂಥ ಕಪ್ಪು ಕರೆ ಕಂಡುಬಂದರೆ, ಅದೆಷ್ಟೇ ಒಣಗಿದ್ದರೂ ನಂಬತಕ್ಕದ್ದಲ್ಲ; ಲೇತಿಗೆ ಏರಿಸುವ ಯೋಚನೆಯನ್ನು ಬಿಟ್ಟು ದೂರವಿಡುವುದೇ ವಿವೇಕ, ಒಲೆಗೆ ಹಾಕುವುದಂತೂ ಬೇಡವೇ ಬೇಡ, ಹೊಗೆಯೂ ಹಿತವಾದುದಲ್ಲ. ಇನ್ನೊಂದು ಕಾಸರಕ. ಬೂದುಬಿಳುಪು ಬಣ್ಣದ, ಗಟ್ಟಿಯಾದ, ನಯವಾದ ಈ ಮರವನ್ನು ಕಂಡರೆ ಬಟ್ಟಲು ಮಾಡಲು ಇದಕ್ಕಿಂತ ತಕ್ಕುದಿಲ್ಲವೆಂದು ಯಾರಿಗಾದರೂ ಅನ್ನಿಸೀತು. ಸ್ಟ್ರಿಕ್ನಿನ್ ಎಂಬ ಘೋರ ವಿಷವುಳ್ಳ ಬೀಜ ಬಿಡುವುದು ಇದೇ ಮರ. ಅದರ ಅಡ್ಡಕೊಯ್ತದ ಮುಖವನ್ನು ಮಸೂರದಲ್ಲಿ ನೋಡಿದರೆ, ಬೇರೆ ಮರಗಳಲ್ಲಿ ತೊಗಟೆಯ ಒಳಮಗ್ಗುಲಲ್ಲಿ ಮಾತ್ರ ಇರಬೇಕಾದ ಮೃದುವಾದ ಅಂಗಾಂಶ ಇಲ್ಲಿ ಮರದ ನಡುವೆಯೇ ಸಣ್ಣ ಸಣ್ಣ ದ್ವೀಪಗಳಾಗಿ ಹರಡಿರುವುದು ಕಾಣುತ್ತದೆ; ನಮ್ಮ ಕಾಡಿನ ಮರಗಳಲ್ಲಿ ಇದು ಅಪೂರ್ವವಾದ ಲಕ್ಷಣ. ಹಳೆಯ ಅರಣ್ಯಗ್ರಂಥಗಳು ಮರದ ಚಕ್ಕೆಯನ್ನು ನಾಲಿಗೆಗೆ ಹಚ್ಚಿ ರುಚಿ ನೋಡುವುದನ್ನೂ ಪರೀಕ್ಷೆಗಳಲ್ಲಿ ಒಂದಾಗಿ ಹೇಳುವುದುಂಟು. ಕಾಸರಕವೂ ಹೊಲಗೇರೂ ಬೆಳೆಯುವ ನಾಡಿನಲ್ಲಿ ಆ ಪರೀಕ್ಷೆಯನ್ನು ಯಾರೂ ಮಾಡಬಾರದು.

ಹಾಗಾದರೆ ಗುರುತಿಸುವ ಬಗೆ ಯಾವುದು? ಮೊದಲು ಮರಗಳ ನಾಡುಹೆಸರುಗಳ ವಿಷಯದಲ್ಲಿ ಎಚ್ಚರ ಬೇಕು. ಅರಿಶಿನತೇಗವೆಂದು ಕೆಲವೆಡೆ ಕರೆಯಿಸಿಕೊಳ್ಳುವ ಹೆದ್ದಿ ತೇಗದ ಬಂಧುವೇ ಅಲ್ಲ. ಚನ್ನಪಟ್ಟಣದ ಬೊಂಬೆಗಳ ಹಾಲೆ ಒಂದು ಮರ, ಮಲೆನಾಡು ಕರಾವಳಿಗಳಲ್ಲಿ ಸಪ್ತಪರ್ಣಿಗೆ ಹೇಳುವ ಹಾಲೆ ಇನ್ನೊಂದು. ಎರಡೂ ಹಾಲು ಸುರಿಸುತ್ತವೆ, ಎರಡರ ಮರವೂ ಬಿಳಿ, ಎರಡೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಆದರೆ ಚನ್ನಪಟ್ಟಣದ್ದು ದಂತದ ನಯವುಳ್ಳದ್ದು, ಅದರ ರಂಧ್ರಗಳು ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮ. ಸಪ್ತಪರ್ಣಿಯದು ಹಗುರ, ಮೆದು, ಒರಟು, ಹಲಗೆಯ ಮೈಮೇಲೆ ಹಾಲಿನ ನಾಳಗಳು ಸೀಳುಗಳಾಗಿ ತೆರೆದುಕೊಂಡಿರುತ್ತವೆ. ಒಂದರ ಬದಲು ಇನ್ನೊಂದನ್ನು ಕೊಂಡವನಿಗೆ ಅರಗಿನ ಬಣ್ಣ ಸಮನಾಗಿ ಕೂರುವುದಿಲ್ಲ. ಮಾರುವವನು ಹೇಳಿದ ಹೆಸರು ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ತನಿಖೆಯ ಆರಂಭವೇ ಹೊರತು ತೀರ್ಪಲ್ಲವೆಂಬುದಷ್ಟೇ ನನ್ನ ಮಾತಿನ ಅಭಿಪ್ರಾಯ.

ತನಿಖೆಯ ಮುಖ್ಯ ಸಾಕ್ಷಿ ದಿಮ್ಮಿಯ ಅಡ್ಡಕೊಯ್ತದ ಮುಖ. ಹಲಗೆಯ ಅಗಲವಾದ ಮೈಯಲ್ಲಿ ಕಾಣುವ ಗೆರೆಗಳೂ ಚಿತ್ತಾರವೂ ಎಷ್ಟೇ ಮನೋಹರವಾಗಿದ್ದರೂ, ಒಂದೇ ಮರವನ್ನು ಬೇರೆ ಬೇರೆ ಕಡೆಯಿಂದ ಕೊಯ್ದಾಗ ಅವು ಬೇರೆ ಬೇರೆಯಾಗಿ ತೋರುವುದರಿಂದ, ಅವನ್ನು ನೆಚ್ಚಿ ತೀರ್ಮಾನಕ್ಕೆ ಬರುವುದು ತರವಲ್ಲ. ಗರಗಸ ಹರಿದ ಒರಟು ಮುಖದಲ್ಲಿ ಏನೂ ಕಾಣದು. ಉಪ್ಪುಕಾಗದ ಉಜ್ಜಿದರೆ ಹುಡಿ ರಂಧ್ರಗಳಲ್ಲಿ ತುಂಬಿಕೊಂಡು ಇನ್ನಷ್ಟು ಕೆಡುತ್ತದೆ. ಅಡ್ಡಮುಖಕ್ಕೆ ಒಂದು ಹನಿ ನೀರು ಸವರಿ, ಹೊಸ ಕ್ಷೌರದ ಬ್ಲೇಡಿನಿಂದ, ಒತ್ತದೆ, ಓರೆಯಾಗಿ ಎಳೆದು, ಒಂದೇ ಸೆಳೆತದಲ್ಲಿ ತೆಳ್ಳನೆಯ ಪದರವೊಂದನ್ನು ತೆಗೆಯಬೇಕು. ಉಗುರಿನಗಲದ ಜಾಗ ನುಣುಪಾಗಿ ಹೊಳೆದರೆ ಸಾಕು. ಅನಂತರ ಹತ್ತುಪಟ್ಟು ಹಿಗ್ಗಿಸಿ ತೋರುವ ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಮರದ ತುಂಡನ್ನು ಮಸೂರದ ಕಡೆಗೆ ತರತಕ್ಕದ್ದು. ಮಸೂರವನ್ನು ಮರದ ಮೇಲೆ ಆಡಿಸುವುದಲ್ಲ. ಬೆಳಕು ಹಗಲಿನದಾಗಿರಲಿ.

ಆಗ ಕಾಣುವ ನೋಟ ಎಂಥವನನ್ನೂ ಬೆರಗುಗೊಳಿಸುವಂಥದು. ನೀರನ್ನು ಬೇರಿನಿಂದ ಎಲೆಗೆ ಕೊಂಡೊಯ್ದ ನಾಳಗಳು ದುಂಡನೆಯ ರಂಧ್ರಗಳಾಗಿ, ತಿರುಳಿನಿಂದ ತೊಗಟೆಯ ಕಡೆಗೆ ಹರಿದ ಕಿರಣಗಳು ಸೂಕ್ಷ್ಮವಾದ ಬೆಳ್ಗೆರೆಗಳಾಗಿ, ಆಹಾರವನ್ನು ಕೂಡಿಟ್ಟ ಮೆದು ಅಂಗಾಂಶವು ರಂಧ್ರಗಳ ಸುತ್ತ ಮಸುಕಾದ ತೇಪೆಗಳಾಗಿ ಗೋಚರಿಸುತ್ತವೆ. ಈ ಮೂರರ ಗಾತ್ರ, ಸಂಖ್ಯೆ, ಜೋಡಣೆಗಳೇ ಜಾತಿಯ ಲಕ್ಷಣಗಳು. ತೇಗದಲ್ಲಿ ವರ್ಷದ ಆರಂಭದ ಬೆಳವಣಿಗೆಯ ದೊಡ್ಡ ರಂಧ್ರಗಳು ಒಂದು ಸಾಲಾಗಿ ಬಳೆಗಟ್ಟಿ, ಆಮೇಲಿನವು ಕಿರಿದಾಗುತ್ತ ಹೋಗುವುದರಿಂದ, ವಾರ್ಷಿಕ ವಲಯಗಳು ಬರಿಗಣ್ಣಿಗೂ ಸ್ಪಷ್ಟ. ಮುಟ್ಟಿದರೆ ಎಣ್ಣೆಯ ಜಿಡ್ಡು, ಮೂಸಿದರೆ ಹಳೆಯ ತೊಗಲಿನ ವಾಸನೆ. ಅರಿಶಿನತೇಗದಲ್ಲಿ ಇಂಥ ಬಳೆಯೇ ಇಲ್ಲ. ರಂಧ್ರಗಳು ಅತಿ ಕಿರಿದಾಗಿ ಎಲ್ಲೆಡೆಯೂ ಸಮನಾಗಿ ಹರಡಿರುತ್ತವೆ, ಈ ಸಮತೆಯೇ ಅದನ್ನು ನೂಲಿನ ಗಿರಣಿಗಳ ಬಾಬಿನ್ನುಗಳನ್ನು ಕಡೆಯಲು ಯೋಗ್ಯವಾಗಿಸಿತು. ಮತ್ತಿಯಲ್ಲಿ ಒಂದೊಂದು ರಂಧ್ರದ ಎರಡು ಪಕ್ಕಕ್ಕೂ ಮಸುಕಾದ ರೆಕ್ಕೆಗಳು ಚಾಚಿ, ಅಲ್ಲಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆಲ, ಅರಳಿ, ಅತ್ತಿಗಳಲ್ಲಿ ಮೆದು ಅಂಗಾಂಶ ಅಗಲವಾದ ಪಟ್ಟಿಗಳಾಗಿ, ಗಟ್ಟಿಯ ಪಟ್ಟಿಗಳೊಂದಿಗೆ ಸರದಿಯಂತೆ ಬರುವುದರಿಂದ, ಒಮ್ಮೆ ನೋಡಿದವರು ಆ ಕುಲವನ್ನು ಮರೆಯಲಾರರು. ಸಿಲ್ವರ್ ಓಕಿನ ಕಿರಣಗಳು ಎಷ್ಟು ಅಗಲವೆಂದರೆ ಅವನ್ನು ಕಾಣಲು ಮಸೂರವೇ ಬೇಡ. ಹಲಗೆಯ ಮೈಯಲ್ಲಿ ಅವು ಜಾಲರಿಯಾಗಿ ಮಿನುಗುತ್ತವೆ. ಬಗನಿ, ಅಡಕೆ, ತೆಂಗುಗಳಂಥ ಏಕದಳ ಸಸ್ಯಗಳಲ್ಲಿ ವಲಯವೂ ಇಲ್ಲ, ಕಿರಣವೂ ಇಲ್ಲ. ಅಡ್ಡಮುಖದ ತುಂಬ ನಾರಿನ ಕಟ್ಟುಗಳ ಚುಕ್ಕೆಗಳು, ರಾಗಿಕಾಳು ಚೆಲ್ಲಿದಂತೆ.

ಮಸೂರದ ಸಾಕ್ಷ್ಯಕ್ಕೆ ತೂಕದ ಸಾಕ್ಷ್ಯವನ್ನೂ ಜೋಡಿಸಬೇಕು. ಒಣಗಿದ ತೇಗ ಘನಮೀಟರಿಗೆ ಸುಮಾರು 650 ಕಿಲೋ, ಬೀಟೆ ಸುಮಾರು 850 ಕಿಲೋ ತೂಗಿದರೆ, ಬೂರುಗ 350ರ ಆಸುಪಾಸಿನಲ್ಲೇ ನಿಲ್ಲುತ್ತದೆ. ತಕ್ಕಡಿ ಲೆಕ್ಕಾಚಾರಗಳಿಲ್ಲದೆಯೂ ಇದನ್ನು ಅಳೆಯುವ ಸರಳವಾದ ಉಪಾಯವುಂಟು. ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪವಿರುವ ಹತ್ತು ಅಂಗುಲ ಉದ್ದದ ಕಡ್ಡಿಯೊಂದನ್ನು ಸೀಳಿ, ಅಂಗುಲ ಅಂಗುಲಕ್ಕೂ ಪೆನ್ಸಿಲಿನ ಗುರುತು ಹಾಕಿ, ಉದ್ದನೆಯ ಕಿರಿಬಾಯಿಯ ಪಾತ್ರೆಯ ನೀರಿನಲ್ಲಿ ನೆಟ್ಟಗೆ ತೇಲಬಿಟ್ಟರೆ, ಎಷ್ಟು ಅಂಗುಲ ಮುಳುಗಿತೋ ನೀರಿನ ತೂಕದ ಅಷ್ಟು ದಶಾಂಶ ಅದರ ತೂಕ. ಆರೂವರೆ ಮುಳುಗಿದ್ದು ತೇಗವಿರಬಹುದು, ಬೀಟೆ ಎಂದಿಗೂ ಆಗಲಾರದು. ನೀರು ಹೀರುವ ಮೊದಲೇ ಓದಿಕೊಳ್ಳಬೇಕು. ಹಸಿಮರಕ್ಕೆ ಈ ಲೆಕ್ಕ ಸಲ್ಲದು.

ಬಣ್ಣವಾದರೋ ಅತ್ಯಂತ ಚಂಚಲವಾದ ಸಾಕ್ಷಿ. ಈಗ ತಾನೆ ಕೊಯ್ದ ಹಲಸಿನ ಚೇಗು ಕಣ್ಣು ಕೋರೈಸುವ ಹಳದಿ. ಬೌದ್ಧ ಭಿಕ್ಷುಗಳ ಕಾವಿಗೆ ಬಣ್ಣ ಕೊಟ್ಟದ್ದು ಅದರ ಚಕ್ಕೆಯೇ. ಆದರೆ ಬೆಳಕಿಗೆ ಇಟ್ಟ ಕೆಲವು ತಿಂಗಳಲ್ಲಿ ಅದು ಕಂದಾಗಿ, ವರ್ಷಗಳು ಕಳೆದಂತೆ ತೇಗವೆಂದು ಭ್ರಮೆಗೊಳಿಸುವಷ್ಟು ಗಾಢವಾಗುತ್ತದೆ. ಹಳೆಯ ಮನೆಯ ಅಡಿಗೆಕೋಣೆಯ ಮೇಲಿದ್ದ ತೊಲೆಗಳು ಹೊಗೆ ಕುಡಿದು ಎಲ್ಲವೂ ಒಂದೇ ಕಪ್ಪು. ಅವುಗಳ ಮೇಲ್ಪದರವನ್ನು ಕೆತ್ತಿ ತೆಗೆಯದೆ ಯಾವ ಮಾತನ್ನೂ ಆಡಲಾಗದು. ಇಂಥ ತೊಲೆಗಳಲ್ಲಿ ಕಬ್ಬಿಣದ ಮೊಳೆ ಕೂತ ಜಾಗದ ಸುತ್ತ ಮಸಿಯ ಬಣ್ಣ ಹರಡಿದ್ದರೆ, ಆ ಮರದಲ್ಲಿ ಒಗರಿನಂಶ ಹೆಚ್ಚೆಂದು ತಿಳಿಯಬಹುದು. ಒಗರು ಕಬ್ಬಿಣದೊಂದಿಗೆ ಕೂಡಿದಾಗ ಕಪ್ಪಾಗುವುದು ಹಿಂದಿನವರು ಶಾಯಿ ಮಾಡುತ್ತಿದ್ದ ಕ್ರಮವೇ. ವಾಸನೆಯೂ ಪೂರ್ಣವಾಗಿ ನಂಬತಕ್ಕದ್ದಲ್ಲ. 1944ರಿಂದ ಗಂಧದೆಣ್ಣೆಯ ಕಾರ್ಖಾನೆಯನ್ನು ಕಂಡ ಶಿವಮೊಗ್ಗೆಯಲ್ಲಿ, ಗುಡಿಗಾರರ ಉಳಿಯಿಂದ ಗಂಧದ ಕೆತ್ತನೆ ಬೆಳಗಿದ ಸಾಗರ ಸೊರಬಗಳ ಸೀಮೆಯಲ್ಲಿ ಇದನ್ನು ಹೇಳಬೇಕಾಗಿ ಬಂದದ್ದು ವಿಷಾದದ ಸಂಗತಿ: ಅಗ್ಗದ ಬಿಳಿಮರಕ್ಕೆ ಗಂಧದೆಣ್ಣೆ ಹಚ್ಚಿ ಮಾರುವುದುಂಟು. ಹೊಸದಾಗಿ ಕೆತ್ತಿದ ಒಳಮೈ ಕೂಡ ಅದೇ ಪರಿಮಳ ಬೀರಿದರೆ ಮಾತ್ರ ಅದು ಗಂಧದ ಚೇಗು.

ಈ ಪರೀಕ್ಷೆಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಹೊನ್ನೆಯದು. ಹೊನ್ನೆಯ ತೊಗಟೆಗೆ ಕತ್ತಿ ತಾಗಿದರೆ ರಕ್ತವರ್ಣದ ಅಂಟು ಒಸರುವುದನ್ನು ಬಲ್ಲವರು ಅನೇಕರಿದ್ದಾರೆ. ತೊಗಟೆ ಕಳೆದ ಮೇಲೂ ಅದನ್ನು ಹಿಡಿಯುವ ಮಾರ್ಗವೊಂದುಂಟು. ಚೇಗಿನ ಹೆರೆಯನ್ನು ಒಂದು ಹಿಡಿ ಗಾಜಿನ ಲೋಟದ ನೀರಿನಲ್ಲಿ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಬಿಸಿಲಿನಲ್ಲಿ, ಕಪ್ಪು ಬಟ್ಟೆಯ ಎದುರಿಗಿಟ್ಟು ನೋಡಬೇಕು. ಬೆಳಕಿಗೆ ಅಡ್ಡ ಹಿಡಿದರೆ ಹೊಂಗಂದಾಗಿ ಕಾಣುವ ಆ ನೀರೇ, ಬೆಳಕು ಬೆನ್ನ ಹಿಂದಿನಿಂದ ಬೀಳುವಾಗ ಅಂಚುಗಳಲ್ಲಿ ಆಕಾಶದ ನೀಲಿಯನ್ನು ಚೆಲ್ಲುತ್ತದೆ. ಮಧುಮೇಹಕ್ಕೆ ಹಿತವೆಂಬ ನಂಬಿಕೆಯಿಂದ ನಮ್ಮ ಜಾತ್ರೆ ಸಂತೆಗಳಲ್ಲಿ ಜನ ಕೊಳ್ಳುವ ಹೊನ್ನೆಯ ಲೋಟ ಕಡೆದ ಮರವೇ ತಾನೆ. ರಾತ್ರಿ ಅದರಲ್ಲಿ ಇಟ್ಟ ನೀರು ಬೆಳಗಾಗುವಾಗ ಕಂದಾಗಿರುವುದನ್ನು ಅವರು ನೋಡುತ್ತಾರೆ, ಅದರ ನೀಲಿಯನ್ನು ಗಮನಿಸಿದವರು ಕಡಿಮೆ.

ಈ ನೀಲಿಯ ಹಿಂದೆ ಒಂದು ದೀರ್ಘವಾದ ಚರಿತ್ರೆಯಿದೆ. ಸ್ಪೇನಿನ ವೈದ್ಯ ಮೊನಾರ್ಡಿಸ್ 1565ರಲ್ಲಿ, ಹೊಸ ಲೋಕದಿಂದ ಬಂದ ಒಂದು ಮರದ ಚಕ್ಕೆ ನೀರನ್ನು ನೀಲಿಯಾಗಿಸುವುದೆಂದೂ ಮೂತ್ರಪಿಂಡದ ಬೇನೆಗೆ ಅದು ಔಷಧವೆಂದೂ ಬರೆದ. ಆ ಮರದ ಬಟ್ಟಲುಗಳು ಯುರೋಪಿನ ಅರಸರಿಗೆ ಉಡುಗೊರೆಗಳಾದವು. ಜೆಸ್ವಿಟ್ ಪಂಡಿತ ಕಿರ್ಖರ್ 1646ರಲ್ಲಿ ತನಗೆ ದೊರೆತ ಅಂಥದೊಂದು ಬಟ್ಟಲನ್ನು ವರ್ಣಿಸಿದ. ರಾಬರ್ಟ್ ಬಾಯ್ಲ್ 1664ರಲ್ಲಿ, ಹುಳಿ ಬೆರೆಸಿದರೆ ನೀಲಿ ಅಳಿಯುತ್ತದೆ, ಕ್ಷಾರ ಬೆರೆಸಿದರೆ ಮರಳುತ್ತದೆ ಎಂದು ಪ್ರಯೋಗದಿಂದ ತೋರಿಸಿದ. ಹೀಗೆ ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಹೊರಚೆಲ್ಲುವ ಗುಣಕ್ಕೆ ಫ್ಲೂರೆಸೆನ್ಸ್ ಎಂಬ ಹೆಸರನ್ನು ಸ್ಟೋಕ್ಸ್ ಕೊಟ್ಟದ್ದು 1852ರಲ್ಲಿ. ಇಷ್ಟಾದರೂ ಮರ ಯಾವುದೆಂಬುದು ಮಾತ್ರ ಮೂರೂವರೆ ಶತಮಾನ ಯಾರಿಗೂ ನಿಶ್ಚಯವಾಗಿ ತಿಳಿಯಲಿಲ್ಲ. ಅಮೆರಿಕದ ಸಸ್ಯಶಾಸ್ತ್ರಜ್ಞ ಸ್ಯಾಫರ್ಡ್ 1915ರಲ್ಲಿ ಗಂಟನ್ನು ಬಿಡಿಸಿದ: ಮೆಕ್ಸಿಕೋದ ಸಣ್ಣ ಮರವೊಂದು, ಫಿಲಿಪೈನ್ಸಿನ ನರಾ ಎಂಬ ದೊಡ್ಡ ಮರವೊಂದು, ಇವೆರಡೂ ಒಂದೇ ಹೆಸರಿನಡಿ ಬೆರೆತುಹೋಗಿದ್ದವು, ಬಟ್ಟಲುಗಳನ್ನು ಕಡೆದದ್ದು ಎರಡನೆಯದರಿಂದ. ಆ ನರಾ ನಮ್ಮ ಹೊನ್ನೆಯ ಒಡಹುಟ್ಟು, ಟೆರೊಕಾರ್ಪಸ್ ಎಂಬ ಒಂದೇ ಜಾತಿಗಣಕ್ಕೆ ಸೇರಿದ್ದು. ರೋಮಿನ ಪಂಡಿತರನ್ನೂ ಲಂಡನ್ನಿನ ವಿಜ್ಞಾನಿಗಳನ್ನೂ ಕಾಡಿದ ನೀಲಿಯು ಕುಂಸಿಯ ಸಾಮಿಲ್ಲಿನ ಹೊಟ್ಟಿನಲ್ಲಿ ದಿನವೂ ಬಿದ್ದಿರಬಹುದೆಂಬುದನ್ನು ನೆನೆದರೆ ಮನಸ್ಸು ಅರಳುತ್ತದೆ. ಬಂಧುವೃಕ್ಷಗಳೂ ಹೀಗೆಯೇ ಮಿನುಗುವುದರಿಂದ, ನೀಲಿ ಕಂಡಮಾತ್ರಕ್ಕೆ ಹೊನ್ನೆಯೆಂದು ಘೋಷಿಸಬಾರದು. ನೀಲಿ ಕಾಣದಿದ್ದರೆ ಮಾತ್ರ ಹೊನ್ನೆಯೆಂಬ ಮಾತನ್ನು ಬಲವಾಗಿ ಸಂಶಯಿಸಬಹುದು.

ಈ ಸೀಮೆಯಲ್ಲಿ ಈಗ ಹೆಚ್ಚಾಗಿ ತೊಡಕಾಗಿರುವುದು ಅಕೇಶಿಯ. ಕಾಗದದ ಕಾರ್ಖಾನೆಯ ನೆಡುತೋಪುಗಳಿಂದಾಗಿ ಶಿವಮೊಗ್ಗ ಜಿಲ್ಲೆಯ ಗುಡ್ಡ ಗುಡ್ಡವನ್ನೂ ಹಬ್ಬಿದ ಈ ಆಸ್ಟ್ರೇಲಿಯದ ಮರ, ಅರಣ್ಯಪ್ರೇಮಿಗಳ ನಿಂದೆಗೆ ಗುರಿಯಾಗಿದ್ದರೂ, ಲೇತಿನ ಮೇಲೆ ಸೊಗಸಾಗಿ ಕಡೆಯಲು ಬರುತ್ತದೆಂಬುದನ್ನು ಒಪ್ಪಲೇಬೇಕು. ಅದರ ಕಂದು ಚೇಗನ್ನು ಬಣ್ಣದ ಬಲದಿಂದ ಬೀಟೆಯೆಂದು ನಂಬುವವರೂ ನಂಬಿಸುವವರೂ ಇದ್ದಾರೆ. ಭೇದ ಸ್ಪಷ್ಟವಾದದ್ದೇ. ಬೀಟೆಯ ಹಲಗೆಯನ್ನು, ತೊಗಟೆಗೆ ಸಮಾನಾಂತರವಾಗಿ ಕೊಯ್ದ ಮೈಯನ್ನು ನುಣುಪು ಮಾಡಿ, ಬೆಳಕಿಗೆ ಓರೆಯಾಗಿ ಹಿಡಿದರೆ, ನಾರಿನ ದಿಕ್ಕಿಗೆ ಅಡ್ಡಲಾಗಿ ಕೂದಲೆಳೆಯಷ್ಟು ತೆಳುವಾದ ಗೆರೆಗಳು ಒಂದರ ಮೇಲೊಂದು ಸಾಲಾಗಿ ತೋರುತ್ತವೆ. ಒಳಗಿನ ಕಿರಣಗಳು ಮಹಡಿ ಮಹಡಿಯಾಗಿ ಅಚ್ಚುಕಟ್ಟಾಗಿ ಜೋಡಿಸಿಕೊಂಡಿರುವುದರ ಗುರುತು ಅದು. ಹೊನ್ನೆಯಲ್ಲೂ ಇದು ಉಂಟು, ಅಕೇಶಿಯದಲ್ಲಿ ಇಲ್ಲ. ಇದನ್ನು ಅರಿಯುವುದು ಕೇವಲ ಕುತೂಹಲಕ್ಕಲ್ಲ. ಬೀಟೆ, ತೇಗ, ಗಂಧಗಳ ತುಂಡು ನಿಮ್ಮಲ್ಲಿದ್ದರೆ ಅದು ಎಲ್ಲಿಂದ ಬಂತೆಂಬುದಕ್ಕೆ ಕಾಗದಪತ್ರಗಳಿರಬೇಕು. ನಿಮ್ಮದೇ ಜಮೀನಿನ ಮರ ಕಡಿಯುವುದಕ್ಕೂ 1976ರ ವೃಕ್ಷ ಸಂರಕ್ಷಣಾ ಶಾಸನ ಬಹುಮಟ್ಟಿಗೆ ಅನುಮತಿಯನ್ನು ವಿಧಿಸಿದೆ. ಬೀಟೆಯ ಇಡೀ ಗಣವೇ 2017ರ ಜನವರಿಯಿಂದ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ. ಅಜ್ಞಾನವನ್ನು ನ್ಯಾಯಾಲಯ ನೆಪವಾಗಿ ಪರಿಗಣಿಸುವುದಿಲ್ಲ. ಬೀಟೆಯ ಹುಡಿ ಕೆಲವರ ಮೈಗೆ ತುರಿಕೆಯನ್ನೂ ಉಂಟುಮಾಡುವುದರಿಂದ, ಅದು ಬೀಟೆಯೇ ಎಂದು ತಿಳಿದವನು ಮುಖಕ್ಕೆ ಮರೆ ಕಟ್ಟಿಕೊಂಡೇ ಕೂರುತ್ತಾನೆ.

ಮಸೂರವೂ ಸೋತಲ್ಲಿ ಪ್ರಯೋಗಾಲಯ. ಗ್ಯಾಂಬಲ್ ಎಂಬ ಅರಣ್ಯಾಧಿಕಾರಿ 1881ರಲ್ಲಿ ಭಾರತದ ಮರಗಳ ಕೈಪಿಡಿಯನ್ನು ಪ್ರಕಟಿಸಿದಂದಿನಿಂದ ಈ ವಿದ್ಯೆ ನಮ್ಮ ದೇಶದಲ್ಲಿ ಕ್ರಮವಾಗಿ ಬೆಳೆಯುತ್ತ ಬಂದಿದೆ. 1906ರಲ್ಲಿ ಸ್ಥಾಪಿತವಾದ ಡೆಹ್ರಾಡೂನಿನ ಅರಣ್ಯ ಸಂಶೋಧನ ಸಂಸ್ಥೆಯಲ್ಲಿ ಮರದ ಮಾದರಿಗಳ ಬೃಹತ್ ಸಂಗ್ರಹವಿದೆ. ಪಿಯರ್ಸನ್ ಮತ್ತು ಬ್ರೌನರು 1932ರಲ್ಲಿ ಎರಡು ಸಂಪುಟಗಳಲ್ಲಿ ಹೊರತಂದ ಗ್ರಂಥ ಇಂದಿಗೂ ಆಧಾರಗ್ರಂಥ. ನಮಗೆ ಹತ್ತಿರವಾದದ್ದು ಬೆಂಗಳೂರಿನ ಮಲ್ಲೇಶ್ವರದ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. 1938ರಲ್ಲಿ ಅರಣ್ಯ ಪ್ರಯೋಗಾಲಯವಾಗಿ ಹುಟ್ಟಿ, 1988ರಲ್ಲಿ ಈಗಿನ ರೂಪ ಪಡೆದ ಈ ಸಂಸ್ಥೆ ಮರದ ತುಂಡುಗಳನ್ನು ಗುರುತಿಸಿಕೊಡುವ ಕೆಲಸವನ್ನೂ ನಡೆಸುತ್ತದೆ. ಸಣ್ಣ ಘನವನ್ನು ನೀರಿನಲ್ಲಿ ಕುದಿಸಿ ಮೆತ್ತಗೆ ಮಾಡಿ, ಯಂತ್ರದಿಂದ ಬೆಳಕು ಹಾಯುವಷ್ಟು ತೆಳುವಾಗಿ ಮೂರು ದಿಕ್ಕುಗಳಲ್ಲಿ ಹೆರೆದು, ಬಣ್ಣವೇರಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ನಿಶ್ಚಿತ ಮಾದರಿಗಳೊಂದಿಗೆ ಹೋಲಿಸುವುದು ಅಲ್ಲಿಯ ಕ್ರಮ. ಮರಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಂಘ 1989ರಲ್ಲಿ ಎಲೆಯುದುರುವ ಮತ್ತು ನಿತ್ಯಹಸುರಿನ ಅಗಲೆಲೆ ಮರಗಳಿಗಾಗಿ ಪಟ್ಟಿಮಾಡಿದ ಲಕ್ಷಣಗಳು 163. ಇಷ್ಟೆಲ್ಲ ಸಾಧನಗಳಿದ್ದೂ, ಮರದಿಂದ ಮಾತ್ರವೇ ಹೇಳುವುದಾದರೆ, ಅನೇಕ ವೇಳೆ ತಜ್ಞರು ಗಣದ ಹೆಸರಿನವರೆಗೆ ಬಂದು ನಿಲ್ಲುತ್ತಾರೆ. ಮತ್ತಿಯ ಗಣವೆಂದಾರು, ಕರಿಮತ್ತಿಯೋ ಹೊಳೆಮತ್ತಿಯೋ ಎಂದು ಆಣೆಯಿಟ್ಟು ಹೇಳಲಾರರು. ಈ ಸಂಯಮವನ್ನು ನಾನು ಅವರ ವಿದ್ಯೆಯ ಘನತೆಯೆಂದೇ ತಿಳಿದಿದ್ದೇನೆ. ಪ್ರಯೋಗಾಲಯ ನಿಲ್ಲುವ ಗೆರೆಯನ್ನು ದಾಟಿ, ಬಣ್ಣ ನೋಡಿದ ಮಾತ್ರಕ್ಕೆ ಪೂರ್ಣ ಹೆಸರು ಹೇಳಿಬಿಡುವ ನಮ್ಮ ಆತುರವೇ ತಪ್ಪುಗಳ ಮೂಲ.

ಆದುದರಿಂದ ಕುಂಸಿಯ ಸುತ್ತಿನ ಸಾಮಿಲ್ಲಿನವರಲ್ಲಿ, ರೈತರಲ್ಲಿ, ಶಾಲೆಯ ಉಪಾಧ್ಯಾಯರಲ್ಲಿ ನನ್ನದೊಂದು ಪ್ರಾರ್ಥನೆ. ಗಾಳಿಮಳೆಗೆ ಬಿದ್ದ ಮರವಾಗಲಿ, ರಸ್ತೆಯ ಅಗಲೀಕರಣಕ್ಕೆ ಉರುಳಿದ ಮರವಾಗಲಿ, ಎಲೆ ಬಾಡುವ ಮೊದಲೇ ಹೆಸರು ಬಲ್ಲ ಹಿರಿಯರೊಬ್ಬರನ್ನು ಕೇಳಿ, ಒಂದು ಗೇಣುದ್ದ, ನಾಲ್ಕು ಬೆರಳಗಲ, ಒಂದು ಬೆರಳು ದಪ್ಪದ ತುಂಡನ್ನು ಚೇಗೂ ಹೊರಗಿನ ಬಿಳಿಭಾಗವೂ ಎರಡೂ ಬರುವಂತೆ ಕೊಯ್ದು, ನೆರಳಿನಲ್ಲಿ ಒಣಗಿಸಿ, ಊರು, ದಿನಾಂಕ, ಹೆಸರು, ಹೆಸರು ಹೇಳಿದವರು ಇಷ್ಟನ್ನು ಅದರ ಮೇಲೆ ಬರೆದು, ಒತ್ತಿ ಒಣಗಿಸಿದ ಎಲೆಯೊಂದನ್ನು ಜೊತೆಗಿಡಿ. ಮಾದರಿಗೆ ತುಂಡು ತೆಗೆಯುವ ಮುನ್ನ ಮರದ ಒಡೆಯನ, ಸರ್ಕಾರದ ಮರವಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಪಡೆಯಿರಿ. ಶಾಲೆಯ ಬೀರುವೊಂದರಲ್ಲಿ ಇಂಥ ಐವತ್ತು ತುಂಡುಗಳು ಕೂಡಿದರೆ, ಲೇತಿನ ಮುಂದೆ ಕೂರುವ ನಾಳೆಯ ಹುಡುಗನಿಗೆ ತನ್ನ ಕೈಯ ತುಂಡನ್ನು ಹೋಲಿಸಿ ನೋಡಲು ಊರಲ್ಲೇ ಒಂದು ಆಧಾರ ಸಿಕ್ಕೀತು. ಹೆಸರು ತಿಳಿಯದ ತುಂಡನ್ನೂ ಇಡಿ, ಅದರ ಮೇಲೆ ‘ತಿಳಿಯದು’ ಎಂದೇ ಬರೆಯಿರಿ. ಊಹೆಯ ಹೆಸರನ್ನು ಮಾತ್ರ ಬರೆಯಬೇಡಿ.